ಬಿಳಿ ಶರ್ಟು ಯಾರಿಗೆ ಕೊಡುವ ಮರ್ಯಾದೆ?

ಮಳವಳ್ಳಿ ಹುಡುಗ · ಸೋಮವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಡೆದದ್ದನ್ನು ಹೇಳಿ ಒಂದು ಪ್ರಶ್ನೆ ಕೇಳುತ್ತೇನೆ. ಜಗಳಕ್ಕಲ್ಲ.

ನಮ್ಮದು ಕನ್ನಂಬಾಡಿ ಕಟ್ಟೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಾಲದ ಕಡೆ. ಕಟ್ಟೆಯಿಂದ ನೀರು ಬಿಟ್ಟರೂ ನಮ್ಮ ಗದ್ದೆ ಮುಟ್ಟುವಷ್ಟರಲ್ಲಿ ಖಾಲಿ. ಈ ಸಲ ಬರುವ ಸ್ವಲ್ಪ ನೀರಿಗೂ ಅಡ್ಡವಾಗಿ ಯಾರೋ ಕಿರುಗಾಲುವೆಗೆ ಮಣ್ಣು ತುಂಬಿದ್ದರು. ಅರ್ಜಿ ಕೊಡಲು ಅಪ್ಪನ ಜೊತೆ ಮಂಡ್ಯಕ್ಕೆ ಹೋಗಿದ್ದೆ. ಜನಪ್ರತಿನಿಧಿಯೊಬ್ಬರು ಅಹವಾಲು ಕೇಳುವ ಸಭೆ, ಬೆಳಿಗ್ಗೆ ಹತ್ತಕ್ಕೆ. ಯಾರು ಅನ್ನುವುದು ಬೇಡ.

ಅಪ್ಪ ಆರು ಗಂಟೆಗೇ ರೆಡಿ. ಅಕ್ಕನ ಮದುವೆಗೆ ಹೊಲಿಸಿದ್ದ ಬಿಳಿ ಶರ್ಟು, ಅಂಚಿನ ಪಂಚೆ. ಶರ್ಟಿಗೆ ಇಸ್ತ್ರಿ ಬೇಕು ಅಂತ ಅವ್ವನ ಜೊತೆ ಒಂದು ಸುತ್ತು ಜಗಳ. ಕರೆಂಟ್ ಇರಲಿಲ್ಲ. ಕೊನೆಗೆ ಅವ್ವ ನೀರೊಲೆಯ ಕೆಂಡವನ್ನು ಹಿತ್ತಾಳೆ ಚೊಂಬಿಗೆ ಹಾಕಿ ಉಜ್ಜಿ ಕೊಟ್ಟರು. ನಾನು ಜೀನ್ಸ್, ಟಿ-ಶರ್ಟು. "ಹಿಂಗೇ ಬರ್ತೀಯಾ?" ಅಂದರು ಅಪ್ಪ. "ಅದಕ್ಕೇನಾಗಬೇಕು" ಅಂದೆ. ಬೆನ್ನು ಒರಗಿಸಿದರೆ ಶರ್ಟು ಮುದುರುತ್ತೆ ಅಂತ ಮಳವಳ್ಳಿಯಿಂದ ಮಂಡ್ಯದವರೆಗೂ ಬಸ್ಸಿನಲ್ಲಿ ನೆಟ್ಟಗೆ ಕೂತಿದ್ದರು.

ಜನಪ್ರತಿನಿಧಿ ಬಂದದ್ದು ಹನ್ನೆರಡೂ ಮುಕ್ಕಾಲಿಗೆ. ಗರಿಗರಿ ಬಿಳಿ ಬಟ್ಟೆ, ಒಂದು ಮಡಿಕೆ ಕೆಟ್ಟಿರಲಿಲ್ಲ. ಅಪ್ಪನ ಅರ್ಜಿ ತೆಗೆದುಕೊಂಡು, ಓದದೆ ಪಕ್ಕದವರಿಗೆ ದಾಟಿಸಿ, ಫೋನ್ ನೋಡುತ್ತಲೇ "ಆಯ್ತು ಗೌಡ್ರೇ, ಮುಂದಿನ ಸಭೆಗೆ ಬನ್ನಿ" ಅಂದರು. ನಾವು ಗೌಡರಲ್ಲ.

ಹೊರಗೆ ಬರುವಾಗ ಬಾಗಿಲ ಹತ್ತಿರ ನಿಂತಿದ್ದ ನೌಕರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ದೊಡ್ಡವರ ಮುಂದೆ ಬರುವಾಗ ಒಂದು ಒಳ್ಳೆ ಶರ್ಟು ಹಾಕ್ಕೊಂಡು ಬರೋಕಾಗಲ್ವಾ?" ಅಂದ.

2025ರ ಫೆಬ್ರವರಿ 28ರಂದು ಉಕ್ರೇನ್ ಅಧ್ಯಕ್ಷ ಝೆಲೆನ್ಸ್ಕಿ ಅಮೆರಿಕಾದ ಶ್ವೇತಭವನಕ್ಕೆ ಹೋದಾಗ ಪತ್ರಕರ್ತನೊಬ್ಬ ಇದನ್ನೇ ಕೇಳಿದ್ದ ಅಲ್ವಾ? ಇಷ್ಟು ದೊಡ್ಡ ಕಚೇರಿಗೆ ಬಂದಿದ್ದೀರಿ, ಸೂಟು ಯಾಕೆ ಹಾಕಲ್ಲ ಅಂತ. ಯುದ್ಧ ಮುಗಿದ ಮೇಲೆ ಹಾಕುತ್ತೇನೆ ಅಂದಿದ್ದರು ಅವರು. ಆಗ ರೂಮಿನಲ್ಲಿ ಸ್ನೇಹಿತರ ಜೊತೆ ಕೂತು ನಕ್ಕಿದ್ದೆ. ಈಗ ನನಗೇ ಬಂತು.

ದೊಡ್ಡ ಸ್ಥಾನದ ಮುಂದೆ, ದೊಡ್ಡ ಸ್ಥಾನದಲ್ಲಿ, ಒಳ್ಳೆ ಬಟ್ಟೆ ಹಾಕುವುದು ನಿಜವಾಗಲೂ ಮರ್ಯಾದೆಯಾ? ಹೌದಾದರೆ ಯಾರು ಯಾರಿಗೆ ಕೊಡುವ ಮರ್ಯಾದೆ?

ಕೆರಗೋಡು ಹೈದ · 9.52

ಮೊದಲು ನೀರು ಬಂತಾ ಇಲ್ವಾ ಹೇಳು ಗುರು.

ಮಳವಳ್ಳಿ ಹುಡುಗ · 9.53

ಇಲ್ಲ.

ಅಗ್ರಹಾರದ ತಾತ · 10.20

ಮಗು, ಆ ನೌಕರ ಹೇಳಿದ ರೀತಿ ತಪ್ಪು. ಮಾತು ಪೂರ್ತಿ ತಪ್ಪಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ನಾನು ಸರ್ಕಾರಿ ಕೆಲಸದಿಂದ ನಿವೃತ್ತನಾಗಿ ಹದಿನೇಳು ವರ್ಷ ಆಯಿತು. ಕೆಲಸದಲ್ಲಿದ್ದಷ್ಟು ದಿನ ಇನ್‌ಶರ್ಟ್ ಮಾಡದೆ ಕಚೇರಿ ಮೆಟ್ಟಿಲು ಹತ್ತಲಿಲ್ಲ. ಮೈಸೂರಿನವರಿಗೆ ಇದು ಮನೆಯಲ್ಲೇ ಬಂದ ಪಾಠ. ಹಳೆಯ ಕಾಲದಲ್ಲಿ ದರ್ಬಾರಿಗೆ ಹೋಗಬೇಕೆಂದರೆ ಬಿಳಿ ಷರಾಯಿ, ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಉದ್ದ ಕೋಟು, ಜರಿ ಪೇಟ, ಹೆಗಲ ಮೇಲೆ ವಲ್ಲಿ. ಕಾಲು ಮಾತ್ರ ಬರಿಗಾಲು. ನಮ್ಮ ತಾತನ ಅಂಥ ಕೋಟು ಒಂದು ನಮ್ಮ ಮನೆಯಲ್ಲಿತ್ತು. ದಸರಾ ಮುಗಿದ ಮೇಲೆ ಅದನ್ನು ನೆರಳಲ್ಲಿ ಹರವಿ, ಬೇವಿನ ಎಲೆ ಇಟ್ಟು ಟ್ರಂಕಿಗೆ ಹಾಕುತ್ತಿದ್ದರು. ಚಿಕ್ಕವನಿದ್ದಾಗ ಅದರ ತೋಳಿನೊಳಗೆ ಕೈ ತೂರಿಸಿ ಏಟು ತಿಂದಿದ್ದೇನೆ.

ವಿಶ್ವೇಶ್ವರಯ್ಯನವರನ್ನು ನೋಡಿ. 1912ರಿಂದ 1918ರವರೆಗೆ ದಿವಾನರು. ಯಾವ ಫೋಟೋ ತೆಗೆದರೂ ಪೇಟ, ಕೋಟು, ಟೈ. ನೂರು ದಾಟಿದ ಮೇಲಿನ ಫೋಟೋದಲ್ಲೂ ಅಷ್ಟೇ ಅಚ್ಚುಕಟ್ಟು. ಕಲ್ಲು ಮಣ್ಣಿನ ಕೆಲಸ ಮಾಡಿಸಿದ ಎಂಜಿನಿಯರ್ ಅವರು, ಕೊಳೆ ಆಗುತ್ತೆ ಅಂತ ಕೋಟು ಬಿಡಲಿಲ್ಲ. ನಿಮ್ಮ ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. ಮುಖ್ಯಮಂತ್ರಿಯಾಗಿ, ಆಮೇಲೆ ವಿದೇಶಾಂಗ ಸಚಿವರಾಗಿ, ಅವರ ಸೂಟು ನೋಡಿ ಹೊರಗಿನವರೂ ಮೆಚ್ಚುತ್ತಿದ್ದರು. ಕುರ್ಚಿ ದೊಡ್ಡದಾದಷ್ಟೂ ಅದರ ಮುಂದೆ ನಾವು ಸ್ವಲ್ಪ ನೆಟ್ಟಗಾಗುತ್ತೇವೆ. ಅದಕ್ಕೆ ಬಟ್ಟೆ ಬೇಕು.

ಕೆರಗೋಡು ಹೈದ · 10.31

ತಾತ, ಕೃಷ್ಣ ಅವರು ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ನೆನಪು. 2011ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಪೋರ್ಚುಗಲ್ ಮಂತ್ರಿಯ ಭಾಷಣದ ಹಾಳೆಯನ್ನು ತಮ್ಮದು ಅಂತ ಕೆಲವು ನಿಮಿಷ ಓದಿಬಿಟ್ಟರಲ್ಲ. ಸೂಟು ಮಾತ್ರ ಅವರದ್ದೇ.

ಅಗ್ರಹಾರದ ತಾತ · 10.33

ಇಂಥದ್ದೆಲ್ಲ ನಿಮಗೆ ಚೆನ್ನಾಗಿ ನೆನಪಿರುತ್ತೆ.

ವಿಜಯನಗರ ವಕೀಲ · 10.58

ನಾನು ದಿನಾ ಕಪ್ಪು ಕೋಟು ಹಾಕುವವನು, ಹಾಗಾಗಿ ನನಗೂ ಮಾತಾಡುವ ಹಕ್ಕಿದೆ ಅಂದುಕೊಳ್ಳುತ್ತೇನೆ. ಏಪ್ರಿಲ್ ತಿಂಗಳಲ್ಲಿ ಆ ಕೋಟಿನೊಳಗೆ ಏನಾಗುತ್ತೆ ಅಂತ ಹೇಳುವುದು ಬೇಡ. ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಅದು ಕಡ್ಡಾಯವಲ್ಲ ಅಂತ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಆದರೂ ಬಿಚ್ಚಲು ನಮ್ಮಲ್ಲಿ ಎಷ್ಟೋ ಜನರಿಗೆ ಧೈರ್ಯ ಇಲ್ಲ. ಕಕ್ಷಿದಾರ ಏನಂದುಕೊಳ್ಳುತ್ತಾನೋ ಅಂತ.

ಬಟ್ಟೆಯ ನಿಯಮ ಬರೆದಿಟ್ಟಿದ್ದರೆ ತೊಂದರೆ ಕಮ್ಮಿ. ಬರೆಯದ ನಿಯಮವೇ ಅಪಾಯ. ಬಾಗಿಲಲ್ಲಿ ನಿಂತವನ ಕಣ್ಣೇ ಕಾನೂನು ಆಗುತ್ತೆ. 2024ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೋದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ಒಬ್ಬ ರೈತರನ್ನು ತಡೆದರು. ಅದೇ ವರ್ಷ ಜುಲೈನಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಒಬ್ಬ ಹಿರಿಯರನ್ನು ಪಂಚೆ ಉಟ್ಟಿದ್ದಾರೆ ಅಂತ ಮಾಲ್‌ನೊಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಗೆ ಹೋಗಿ, ಸರ್ಕಾರ ಆ ಮಾಲ್ ಅನ್ನು ಏಳು ದಿನ ಮುಚ್ಚಿಸುತ್ತೇವೆ ಅಂದಿತು. ಪಂಚೆ ಉಡುವ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿದ್ದ ರಾಜ್ಯದಲ್ಲಿ! ತಮಿಳುನಾಡಿನಲ್ಲಿ 2014ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ವೇಷ್ಟಿ ಉಟ್ಟಿದ್ದಕ್ಕೆ ಒಂದು ಕ್ಲಬ್ಬಿನ ಬಾಗಿಲಲ್ಲಿ ತಡೆದರು. ಅಲ್ಲಿ ಅದೇ ವರ್ಷ ಇಂಥ ತಡೆಯನ್ನೇ ನಿಲ್ಲಿಸುವ ಕಾನೂನು ಮಾಡಿದರು. ತಡೆದದ್ದು ನ್ಯಾಯಮೂರ್ತಿಯನ್ನು ಅಂತಲೇ ಕಾನೂನು ಅಷ್ಟು ಬೇಗ ಬಂತು ಅನ್ನುವುದು ನನ್ನ ಅನುಮಾನ.

ಹೊರದೇಶದಲ್ಲೂ ಇದೇ ಕತೆ. ನ್ಯೂಜಿಲೆಂಡ್ ಸಂಸತ್ತಿನಲ್ಲಿ 2021ರಲ್ಲಿ ಮಾವೊರಿ ಸದಸ್ಯ ರಾವಿರಿ ವೈಟಿಟಿ ಟೈ ಬದಲು ತಮ್ಮ ಜನರ ಹಸಿರು ಕಲ್ಲಿನ ಪದಕ ಹಾಕಿ ಬಂದರು. ಸ್ಪೀಕರ್ ಹೊರಗೆ ಕಳಿಸಿದರು. ಟೈ ಅಂದರೆ ವಸಾಹತುಶಾಹಿಯ ಕುಣಿಕೆ ಅಂದರು ಅವರು. ಕೆಲವೇ ದಿನಗಳಲ್ಲಿ ಅಲ್ಲಿ ಟೈ ಕಡ್ಡಾಯ ಅನ್ನುವುದೇ ಹೋಯಿತು. ಅಮೆರಿಕಾದ ಸೆನೆಟ್ ಉಲ್ಟಾ. 2023ರ ಸೆಪ್ಟೆಂಬರ್‌ನಲ್ಲಿ ನಿಯಮ ಸಡಿಲ ಮಾಡಿದರು, ಅದೇ ತಿಂಗಳು ಕೋಟು, ಟೈ, ಪ್ಯಾಂಟು ಬೇಕೇ ಬೇಕು ಅಂತ ಒಮ್ಮತದಿಂದ ನಿರ್ಣಯ ಮಾಡಿ ವಾಪಸ್ ತಂದರು. ಯಾವುದಕ್ಕೂ ಒಮ್ಮತ ಬಾರದ ಸಭೆ ಅದು. ಪ್ಯಾಂಟಿಗೆ ಬಂತು.

ಕಾವೇರಿ ತೀರ · 11.10

ಪಂಚೆ ಮುಖ್ಯಮಂತ್ರಿ ಅಂದರಲ್ಲ ವಕೀಲರೇ, 2016ರಲ್ಲಿ ಅದೇ ಪಂಚೆಯ ಮೇಲೆ ದುಬಾರಿ ಹ್ಯೂಬ್ಲೋ ವಾಚು ಇತ್ತು. ಗಲಾಟೆ ಆದ ಮೇಲೆ ಸ್ಪೀಕರ್ ಕೈಗೆ ಕೊಟ್ಟರು.

ಸೀದಾ ಮಾತು · 11.14

2015ರಲ್ಲಿ ಒಬಾಮ ಬಂದಾಗ ಪ್ರಧಾನಿ ಹಾಕಿದ್ದ, ಹೆಸರು ನೇಯ್ದ ಸೂಟು ಮರೆತುಹೋಯಿತಾ? ಸೂರತ್‌ನಲ್ಲಿ 4.31 ಕೋಟಿಗೆ ಹರಾಜಾಯಿತು.

ಕಾವೇರಿ ತೀರ · 11.15

ಹರಾಜಿನ ದುಡ್ಡು ಗಂಗೆಗೆ ಹೋಯಿತು. ವಾಚು ಎಲ್ಲಿಗೆ ಹೋಯಿತು?

ನಿರ್ವಾಹಕ · 11.21

ಇದರ ಕೆಳಗಿನ ಹನ್ನೊಂದು ಕಾಮೆಂಟ್ ತೆಗೆದಿದ್ದೇನೆ. ಪಕ್ಷದ ಜಗಳಕ್ಕೆ ಬೇರೆ ಕಡೆ ಜಾಗ ಇದೆ. ಹುಡುಗ ಕೇಳಿದ್ದಕ್ಕೆ ಉತ್ತರ ಕೊಡಿ.

ಗಂಗೋತ್ರಿ ಹಾಸ್ಟೆಲ್ · ಮಂಗಳವಾರ ಬೆಳಿಗ್ಗೆ 7.05

ರಾತ್ರಿ ಓದಿ ಮಲಗಿದೆ, ನಿದ್ದೆ ಸರಿಯಾಗಿ ಬರಲಿಲ್ಲ.

ಅಗ್ರಹಾರದ ತಾತ, ನಿಮ್ಮ ತಾತನ ಕೋಟು ಟ್ರಂಕಿನಲ್ಲಿತ್ತು. ನಮ್ಮ ತಾತ ತಿ. ನರಸೀಪುರದ ಕಡೆಯವರು. ಮೇಲಿನ ಬೀದಿ ದಾಟುವಾಗ ಚಪ್ಪಲಿ ಕೈಯಲ್ಲಿ, ಹೆಗಲ ಮೇಲಿನ ಟವಲ್ ಕಂಕುಳಲ್ಲಿ. ಪಂಚೆ ಮೊಣಕಾಲಿನ ಕೆಳಗೆ ಇಳಿಯುವಂತಿಲ್ಲ. ಒಂದು ಸಲ ಜಾತ್ರೆಗೆ ಹೊಸ ಬಿಳಿ ಅಂಗಿ ಹಾಕಿ ಹೊರಟಾಗ "ಏನೋ, ಮದುಮಗ ಆಗಿದ್ದೀಯಾ?" ಅಂತ ಕೇಳಿದರಂತೆ. ವಾಪಸ್ ಮನೆಗೆ ಹೋಗಿ ಹಳೇದು ಹಾಕಿಕೊಂಡು ಬಂದರಂತೆ. ಊರಿನವರು ಇದನ್ನೂ ಮರ್ಯಾದೆ ಅಂತಲೇ ಕರೆಯುತ್ತಿದ್ದರು. ದೊಡ್ಡವರ ಮುಂದೆ ಒಳ್ಳೆ ಬಟ್ಟೆ ಹಾಕದೇ ಇರುವುದೇ ಮರ್ಯಾದೆ.

ಅದಕ್ಕೇ ನಮ್ಮ ಕೇರಿಗಳ ಅಂಬೇಡ್ಕರ್ ಪ್ರತಿಮೆಗೆ ನೀಲಿ ಸೂಟು, ಟೈ. ಯಾವ ಊರಿಗೆ ಹೋದರೂ ಬಾಬಾಸಾಹೇಬರಿಗೆ ಆ ಕೋಟು ಇದ್ದೇ ಇರುತ್ತೆ. 1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಅವರು ಹೆಂಗಸರಿಗೆ ಸೀರೆಯನ್ನು ಮೇಲ್ಜಾತಿಯವರ ಹಾಗೆ ಉದ್ದಕ್ಕೆ ಉಡಿ, ಜಾತಿ ಗುರುತಾಗುವ ಹಾಗೆ ಉಡಬೇಡಿ ಅಂತ ಹೇಳಿದ್ದರು. ಅದರ ಹಿಂದೆ ಆರು ವರ್ಷಕ್ಕೆ, 1921ರ ಸೆಪ್ಟೆಂಬರ್‌ನಲ್ಲಿ, ಗಾಂಧೀಜಿ ಮಧುರೈನಲ್ಲಿ ಅಂಗಿ ಬಿಟ್ಟು ತುಂಡು ಪಂಚೆಗೆ ಇಳಿದಿದ್ದರು. 1931ರಲ್ಲಿ ಲಂಡನ್ನಿನ ಅರಮನೆಗೆ, ರಾಜನ ಮುಂದೆಯೇ, ಅದೇ ಪಂಚೆ ಶಾಲಿನಲ್ಲಿ ಹೋದರು. ಎರಡೂ ದೊಡ್ಡ ಕೆಲಸವೇ, ಇಲ್ಲ ಅನ್ನಲ್ಲ. ಆದರೆ ಬಿಚ್ಚಿಡಲು ಗಾಂಧೀಜಿ ಹತ್ತಿರ ಕೋಟು ಇತ್ತು.

ಮಳವಳ್ಳಿ ಅಣ್ಣ, ನಿಮ್ಮ ಅಪ್ಪ ಬೆನ್ನು ಒರಗಿಸದೆ ಕೂತರು ಅಂತ ಬರೆದಿದ್ದೀರಿ. ಸ್ವಲ್ಪ ನಗುತ್ತಾ ಬರೆದ ಹಾಗಿತ್ತು. ನಗಬೇಡಿ.

ಮಳವಳ್ಳಿ ಹುಡುಗ · 7.30

ನಗಲಿಲ್ಲ ಮೇಡಂ. ಬರೆಯುವಾಗ ಹಾಗೆ ಬಂದಿರಬಹುದು. ತಪ್ಪಾಯಿತು.

ಅಗ್ರಹಾರದ ತಾತ · 9.15

ತಾಯಿ, ನಿಮ್ಮದು ಎರಡು ಸಲ ಓದಿದೆ.

ನಿನ್ನೆ ನಾನು ವಿಶ್ವೇಶ್ವರಯ್ಯನವರ ಕೋಟು ಹೇಳಿದೆ, ಅವರದ್ದೇ ಇನ್ನೊಂದು ಕತೆ ಬಿಟ್ಟೆ. ಅವರು ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದ ಹೊಸತರಲ್ಲಿ ದಸರಾ ದರ್ಬಾರಿಗೆ ಹೋದರಂತೆ. ಯುರೋಪಿನವರಿಗೆ ಕುರ್ಚಿ. ನಮ್ಮವರಿಗೆ, ಎಷ್ಟೇ ದೊಡ್ಡ ಅಧಿಕಾರಿ ಆಗಲಿ, ನೆಲ. ಮಾರನೇ ವರ್ಷ ಅವರು ಹೋಗಲೇ ಇಲ್ಲ. ಯಾಕೆ ಅಂತ ಕೇಳಿದಾಗ ಕಾರಣ ಹೇಳಿದರು. ಆಮೇಲೆ ಎಲ್ಲರಿಗೂ ಕುರ್ಚಿ ಬಂತು ಅಂತಾರೆ.

ಈ ಕತೆಯನ್ನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೇನೆ. ಇವತ್ತು ಬೇರೆ ಥರ ಕಾಣಿಸಿತು. ನೆಲದ ಮೇಲೆ ಕೂತವರೆಲ್ಲ ಜರಿ ಪೇಟ, ಕಪ್ಪು ಕೋಟು ಹಾಕಿಕೊಂಡೇ ಕೂತಿದ್ದರಲ್ಲ. ಪೋಷಾಕಿನಲ್ಲಿ ಒಂದು ಚೂರೂ ಕೊರತೆ ಇರಲಿಲ್ಲ.

ಕೆರಗೋಡು ಹೈದ · 9.40

ತಾತ, ನಿಮಗೆ ಮದ್ದೂರು ವಡೆ ಕೊಡಿಸಬೇಕು.

ಈಗ ನನ್ನ ಲೆಕ್ಕ. ಝೆಲೆನ್ಸ್ಕಿಗೆ ಸೂಟು ಕೇಳಿದ್ದು ಫೆಬ್ರವರಿ 28ಕ್ಕೆ. ಅದಕ್ಕೆ ಎರಡು ದಿನ ಮುಂಚೆ, 26ಕ್ಕೆ, ಅದೇ ಶ್ವೇತಭವನದ ಸಂಪುಟ ಸಭೆಯಲ್ಲಿ ಇಲಾನ್ ಮಸ್ಕ್ ಟೋಪಿ, ಟಿ-ಶರ್ಟಿನಲ್ಲಿ ನಿಂತು ಭಾಷಣ ಬಿಗಿದಿದ್ದ. ಮಂತ್ರಿಗಳೆಲ್ಲ ಟೈ ಕಟ್ಟಿಕೊಂಡು ಕೂತು ಕೇಳಿದರು. ಸ್ಥಾನಕ್ಕೆ ಅಗೌರವ ಅಂತ ಅಲ್ಲಿ ಒಬ್ಬನೂ ಅನ್ನಲಿಲ್ಲ. ಯಾಕೆ? ಇವನು ಕೊಡುವವನು, ಅವನು ಕೇಳಲು ಹೋದವನು. ಬಟ್ಟೆ ಯಾಕೆ ಹಿಂಗೆ ಅಂತ ಕೇಳಿಸಿಕೊಳ್ಳುವವನು ಯಾವಾಗಲೂ ಬೇಡಲು ಹೋದವನೇ. ಮಂಡ್ಯದಲ್ಲೂ ಅಷ್ಟೇ, ವಾಷಿಂಗ್ಟನ್‌ನಲ್ಲೂ ಅಷ್ಟೇ.

ವಿಜಯನಗರ ವಕೀಲ · 9.58

ಆಕ್ಷೇಪಣೆ. 1941ರ ಡಿಸೆಂಬರ್‌ನಲ್ಲಿ ಚರ್ಚಿಲ್ ಅದೇ ಶ್ವೇತಭವನಕ್ಕೆ ಯುದ್ಧದ ನೆರವಿಗೇ ಹೋದದ್ದು. ಅಲ್ಲಿ ಸೈರನ್ ಸೂಟ್ ಅನ್ನುವುದನ್ನು ಹಾಕಿಕೊಂಡು ಓಡಾಡಿದರು. ಸೂಟ್ ಅಂತ ಹೆಸರು, ನೋಡಲು ಗ್ಯಾರೇಜಿನ ಮೆಕಾನಿಕ್ ಡ್ರೆಸ್. ಮುಂದೆ ಒಂದು ಉದ್ದ ಜಿಪ್. ಬೇಡಲು ಹೋದವನೇ, ಯಾರೂ ಕೇಳಲಿಲ್ಲ.

ಕೆರಗೋಡು ಹೈದ · 10.06

ಅಷ್ಟೊತ್ತಿಗೆ ಅಮೆರಿಕಾನೇ ಯುದ್ಧಕ್ಕೆ ಇಳಿದಿತ್ತಲ್ಲ ಸಾರ್. ಆತ ಪಾಲುದಾರ. ಮನೆಯೊಳಗೇ ಉಳಿಸಿಕೊಂಡಿದ್ದರು. ಮನೆ ಅಳಿಯ ಬನಿಯನ್‌ನಲ್ಲಿ ಓಡಾಡಿದರೆ ಯಾರು ಕೇಳ್ತಾರೆ?

ವಿಜಯನಗರ ವಕೀಲ · 10.07

ಒಪ್ಪಿದೆ, ಅರ್ಧ.

ಸೀದಾ ಮಾತು · 10.30

ಝೆಲೆನ್ಸ್ಕಿ ಆಗಸ್ಟ್ 18ಕ್ಕೆ ಮತ್ತೆ ಹೋದಾಗ ಕಪ್ಪು ಕೋಟು ಹಾಕಿದ್ದರು. ಅವತ್ತು ಕೇಳಿದ ಅದೇ ಪತ್ರಕರ್ತ ಸೂಟು ಚೆನ್ನಾಗಿದೆ ಅಂದ. ನಾನು ಬದಲಾಯಿಸಿದೆ, ನೀವು ಮಾತ್ರ ಅದೇ ಸೂಟಿನಲ್ಲಿದ್ದೀರಿ ಅಂದರು ಇವರು. ಎಲ್ಲರೂ ನಕ್ಕರು. ಯುದ್ಧವೇನೂ ಅವತ್ತು ನಿಲ್ಲಲಿಲ್ಲ.

ಶ್ರೀರಂಗಪಟ್ಟಣದ ಅಕ್ಕ · 12.45

ಗಂಡಸರೆಲ್ಲ ಕೋಟು, ಪಂಚೆ, ಪೇಟ ಅಂತ ಮಾತಾಡುತ್ತಿದ್ದೀರಿ. ನಾನು ಒಂದು ಅವಧಿ ಪಂಚಾಯಿತಿ ಸದಸ್ಯೆ ಆಗಿದ್ದೆ. ಮೊದಲ ಸಭೆಗೆ ಚೂಡಿದಾರ್ ಹಾಕಿ ಹೋದೆ. "ಸೀರೆ ಇರಲಿಲ್ವಾ ಅಮ್ಮ?" ಅಂದರು ಒಬ್ಬ ಹಿರಿಯರು. ಎರಡನೇ ಸಭೆಗೆ ಒಳ್ಳೆ ರೇಷ್ಮೆ ಸೀರೆ ಉಟ್ಟು ಹೋದೆ. ಅದೇ ಹಿರಿಯರು, "ಏನು, ಮದುವೆ ಮನೆಯಿಂದ ಬಂದ್ರಾ?" ಮೂರನೇ ಸಭೆಗೆ ಸಾದಾ ಕಾಟನ್. ಯಾರೂ ಏನೂ ಅನ್ನಲಿಲ್ಲ. ನಾನು ಏನು ಮಾತಾಡಿದೆ ಅಂತಲೂ ಯಾರಿಗೂ ಗೊತ್ತಾಗಲಿಲ್ಲ.

ನಮಗೆ ಸರಿಯಾದ ಬಟ್ಟೆ ಅಂತ ಒಂದು ಇಲ್ಲವೇ ಇಲ್ಲ. 2019ರಲ್ಲಿ ಬಂಗಾಳದಿಂದ ಹೊಸದಾಗಿ ಗೆದ್ದ ಇಬ್ಬರು ಸಂಸದೆಯರು ಸಂಸತ್ ಭವನದ ಮುಂದೆ ಪ್ಯಾಂಟಿನಲ್ಲಿ ಫೋಟೋ ತೆಗೆಸಿಕೊಂಡಿದ್ದಕ್ಕೆ ಎಷ್ಟು ಬೈದರು ನೆನಪಿದೆಯಾ? ಫಿನ್ಲೆಂಡಿನ ಪ್ರಧಾನಿ ಸನ್ನಾ ಮರಿನ್ ಬ್ಲೇಜರ್ ಹಾಕಿದ್ದರು, ಅಂದರೆ ಫಾರ್ಮಲ್ಲೇ, ಆದರೂ 2020ರಲ್ಲಿ ಅದರ ಕತ್ತಿನ ಅಳತೆ ದೇಶದ ಚರ್ಚೆ ಆಯಿತು. 2012ರ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆಯೊಳಗೆ ಮೊಬೈಲ್‌ನಲ್ಲಿ ನೋಡಬಾರದ್ದನ್ನು ನೋಡಿದರು ಅಂತ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರಲ್ಲ, ಅವರ ಬಟ್ಟೆಗೆ ಏನು ಕೊರತೆ ಇತ್ತು ಹೇಳಿ.

ಮಳವಳ್ಳಿ ಹುಡುಗ · 1.20

ಅಕ್ಕ, ಆ ಮೂರನೇ ಸಭೆಯ ಮಾತು ಓದಿ ಸುಮ್ಮನಾದೆ.

ಸೀದಾ ಮಾತು · 2.05

ಸರಳ ಬಟ್ಟೆಯೂ ವೇಷವೇ ಅಂತ ಯಾರೂ ಹೇಳುತ್ತಿಲ್ಲ, ನಾನೇ ಹೇಳುತ್ತೇನೆ. ಮಂಡ್ಯ ಜಿಲ್ಲೆ ಒಂದರಲ್ಲೇ ನೋಡಿ. ಸೋಮನಹಳ್ಳಿಯ ಕೃಷ್ಣ ಸೂಟು. ಬೂಕನಕೆರೆಯಲ್ಲಿ ಹುಟ್ಟಿದ ಯಡಿಯೂರಪ್ಪ ಸಫಾರಿ. ಜಿ. ಮಾದೇಗೌಡರು ಬಿಳಿ. ಪುಟ್ಟಣ್ಣಯ್ಯ ಹಸಿರು ಟವಲ್. ನಾಲ್ಕಕ್ಕೂ ಜನ ಚಪ್ಪಾಳೆ ಹೊಡೆದಿದ್ದಾರೆ. ಹಸಿರು ಟವಲ್ ಮೊದಲು ರೈತ ಸಂಘದವರ ಗುರುತು. ಲಾಠಿ ಏಟು ತಿಂದ ಹೆಗಲ ಮೇಲೆ ಇತ್ತು. ಆಮೇಲೆ ಎಲ್ಲ ಪಕ್ಷದವರೂ ಹೊದ್ದರು. 2018ರ ಮೇ 17ಕ್ಕೆ ಯಡಿಯೂರಪ್ಪನವರು ಹಸಿರು ಶಾಲು ಹೊದ್ದು, ರೈತರ ಹೆಸರಿನಲ್ಲಿ ಪ್ರಮಾಣ ವಚನ ತೆಗೆದುಕೊಂಡರು. ಎರಡು ದಿನಕ್ಕೆ ರಾಜೀನಾಮೆ.

ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಪಂಚೆಯಲ್ಲೇ ದೆಹಲಿಗೆ ಹೋದರು. ಅದು ವೇಷ ಅಲ್ಲ. ಅವರು ಮೊದಲಿಂದ ಉಡುತ್ತಿದ್ದದ್ದೇ ಅದು. ಅಷ್ಟೇ ವ್ಯತ್ಯಾಸ. ಚುನಾವಣೆಗೆ ಅಂತ ಪಂಚೆ ಕಲಿತವನನ್ನು ನಮ್ಮ ಕಡೆಯವರು ನಡಿಗೆಯಲ್ಲೇ ಕಂಡುಹಿಡಿಯುತ್ತಾರೆ. ಅಂಚು ಕಾಲಿಗೆ ಸಿಕ್ಕಿಕೊಳ್ಳುತ್ತೆ.

ಇಸ್ತ್ರಿ ಅಂಗಡಿ ಸರಸ್ವತಿಪುರಂ · ರಾತ್ರಿ 10.15

ಅಂಗಡಿ ಬಾಗಿಲು ಹಾಕಿ ಈಗ ಓದಿದೆ. ನಾನು ಜಾಸ್ತಿ ಓದಿದವನಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬಿಳಿ ಬಟ್ಟೆ ವಿಷಯ ಮಾತ್ರ ನನಗೆ ಗೊತ್ತು. ತಳ್ಳುಗಾಡಿಯಿಂದ ಹಿಡಿದು ಹದಿನೆಂಟು ವರ್ಷ ಆಯಿತು.

ಬಿಳಿ ಖಾದಿ ಸರಳ ಬಟ್ಟೆ ಅಂತೀರಲ್ಲ, ಅದರಷ್ಟು ಕೆಲಸ ಕೊಡುವ ಬಟ್ಟೆ ಇನ್ನೊಂದಿಲ್ಲ. ಒಗೆದ ಮೇಲೆ ಕೊನೇ ನೀರಿಗೆ ನೀಲಿ, ಹನಿ ಲೆಕ್ಕದಲ್ಲಿ. ಜಾಸ್ತಿ ಆದರೆ ಬಟ್ಟೆ ಮೋಡ ಕವಿದ ಹಾಗೆ ಕಾಣುತ್ತೆ. ಆಮೇಲೆ ಗಂಜಿ. ಅಂಗಡಿಯಲ್ಲಿ ಸಿಗುವುದು ಬಂದಿದೆ, ಆದರೆ ಖಾದಿಗೆ ಅನ್ನದ ಗಂಜಿಯೇ ಸರಿ. ತೆಳ್ಳನೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಒಂದು ಅಗುಳಿನ ಚೂರು ಉಳಿದರೂ ಪೆಟ್ಟಿಗೆ ತಾಗಿದಾಗ ಕಂದು ಕಲೆ ಏಳುತ್ತೆ. ಪೂರ್ತಿ ಒಣಗಲು ಬಿಡಬಾರದು. ಒಣಗಿದರೆ ನೀರು ಚಿಮುಕಿಸಿ, ಸುರುಳಿ ಸುತ್ತಿ, ಅರ್ಧ ಗಂಟೆ ಇಡಬೇಕು. ಆಮೇಲೆ ಕಾಲರು ಹಿಂಬದಿಯಿಂದ, ಆಮೇಲೆ ತೋಳು, ಬೆನ್ನು, ಕೊನೆಗೆ ಎದೆ ಭಾಗ. ಗರಿಗರಿ ಅಂತ ನೀವು ಬರೆದಿದ್ದೀರಲ್ಲ ತಮ್ಮ, ಆ ಗರಿ ಒಬ್ಬರ ಬೆನ್ನು ನೋವು.

ಒಬ್ಬ ನಾಯಕರ ಬಟ್ಟೆ ನನ್ನ ಹತ್ತಿರ ಬರುತ್ತಿತ್ತು. ಮಾಮೂಲಿ ದಿನಕ್ಕೆ ಎರಡು ಜೊತೆ. ಚುನಾವಣೆ ಹೊತ್ತಿಗೆ ನಾಲ್ಕು. ಕಾರಿನ ಹಿಂದೆ ಹ್ಯಾಂಗರಿಗೆ ಹಾಕಿಕೊಂಡು ಹೋಗುತ್ತಿದ್ದರು. ಹಳ್ಳಿ ಮುಗಿಸಿ ಬಂದ ತಕ್ಷಣ ಬದಲಾಯಿಸುವುದು. ಬೆವರಿದ ಶರ್ಟಿನಲ್ಲಿ ಫೋಟೋ ಬರಬಾರದು. ನನಗಂತೂ ಆ ಬೆವರಿನ ಶರ್ಟೇ ಅವರ ಮೇಲೆ ಮರ್ಯಾದೆ ಹುಟ್ಟಿಸುತ್ತಿತ್ತು. ನಿಜವಾಗಿ ತಿರುಗಿದ್ದಾರೆ ಅಂತ ಗೊತ್ತಾಗುತ್ತಿದ್ದದ್ದು ಅದರಲ್ಲೇ. ಆದರೆ ಅದನ್ನು ನೋಡುತ್ತಿದ್ದವನು ನಾನೊಬ್ಬನೇ.

ದುಡ್ಡು ತಿಂಗಳಿಗೊಮ್ಮೆ ಅಂತಿತ್ತು. ಆಮೇಲೆ ಚುನಾವಣೆ ಮುಗಿಯಲಿ ಅಂದರು. ಮುಗಿಯಿತು, ಸೋತರು. ಬಟ್ಟೆ ತರುತ್ತಿದ್ದ ಹುಡುಗ ಆ ಕಡೆಯಿಂದ ಈ ಕಡೆ ಬರಲೇ ಇಲ್ಲ. ಎರಡು ಶರ್ಟು ನನ್ನ ಅಂಗಡಿಯಲ್ಲೇ ಉಳಿದವು. ಒಂದು ವರ್ಷ ಕವರಿನಲ್ಲಿ ಕಾಪಾಡಿದೆ. ಈಗ ಪೆಟ್ಟಿಗೆ ಎಷ್ಟು ಕಾದಿದೆ ಅಂತ ನೋಡುವುದು ಅದರ ಮೇಲೇ.

ಇನ್ನೊಂದು ಕಡೆ, ಸಂದರ್ಶನಕ್ಕೆ ಹೋಗುವ ಹುಡುಗರು ಬರುತ್ತಾರೆ. ಒಂದೇ ಶರ್ಟು. ದುಡ್ಡು ಮೊದಲೇ ಕೊಟ್ಟು, ಪಕ್ಕದಲ್ಲೇ ಬನಿಯನ್‌ನಲ್ಲಿ ನಿಂತು, ಬಿಸಿ ಬಿಸಿ ಹಾಕಿಕೊಂಡು ಹೋಗುತ್ತಾರೆ. ಅವರ ಕಾಲರಿಗೆ ನಾನು ಎರಡು ಸಲ ಪೆಟ್ಟಿಗೆ ಓಡಿಸುತ್ತೇನೆ.

ಗಂಗೋತ್ರಿ ಹಾಸ್ಟೆಲ್ · 10.32

ಅಣ್ಣ, ಆ ಖಾದಿ ನೂಲುವ ಹೆಂಗಸರು ಬದನವಾಳಿನಲ್ಲಿ ಇದ್ದಾರೆ, ನಂಜನಗೂಡಿನಿಂದ ದೂರವೇನಿಲ್ಲ. ಅವರನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ.

ವಿಜಯನಗರ ವಕೀಲ · 10.40

ನಾಲ್ಕು ಜೊತೆ ಅಂದಾಗ ನೆನಪಾಯಿತು. 2008ರ ಸೆಪ್ಟೆಂಬರ್ 13ರಂದು ದೆಹಲಿಯಲ್ಲಿ ಸಾಲು ಬಾಂಬ್ ಸ್ಫೋಟ ಆಯಿತು. ಆಗಿನ ಗೃಹ ಸಚಿವ ಶಿವರಾಜ್ ಪಾಟೀಲರು ಅವತ್ತು ಸಂಜೆ ಮೂರು ಬೇರೆ ಬೇರೆ ಉಡುಪಿನಲ್ಲಿ ಕಾಣಿಸಿಕೊಂಡರು ಅಂತ ಟಿವಿಯವರು ಹಿಡಿದು ತೋರಿಸಿದರು. ಬಟ್ಟೆ ಪ್ರತಿ ಸಲವೂ ಅಚ್ಚುಕಟ್ಟೇ. ಜನರಿಗೆ ಸಿಟ್ಟು ಬಂದದ್ದೇ ಅದಕ್ಕೆ. ನವೆಂಬರ್‌ನಲ್ಲಿ ಮುಂಬೈ ದಾಳಿ ಆದ ಮೇಲೆ ಅವರು ರಾಜೀನಾಮೆ ಕೊಟ್ಟರು.

ಅಗ್ರಹಾರದ ತಾತ · 11.00

ಇಸ್ತ್ರಿ ಅಂಗಡಿಯವರೇ, ನಾನು ಇನ್‌ಶರ್ಟ್ ಬಿಡುವುದಿಲ್ಲ. ಅಭ್ಯಾಸ. ಆದರೆ ಒಂದು ಒಪ್ಪುತ್ತೇನೆ. ನಾನು ಕೆಲಸದಲ್ಲಿದ್ದಾಗ, ಬಂದವರ ಬಟ್ಟೆ ನೋಡಿ ಕೂರಿ ಅಂದದ್ದೂ ಇದೆ, ಹೊರಗೆ ಕಾಯಿ ಅಂದದ್ದೂ ಇದೆ. ಆ ನೌಕರನ ಮಾತು ಓದಿದಾಗ ಅದಕ್ಕೇ ನಾನು ಮೊದಲು ಅವನ ಪರ ವಹಿಸಿದೆ ಅನ್ನಿಸುತ್ತೆ.

ಕೆರಗೋಡು ಹೈದ · 11.04

ತಾತ, ವಡೆ ಎರಡು.

ಮಳವಳ್ಳಿ ಹುಡುಗ · ಬುಧವಾರ ರಾತ್ರಿ 8.50

ಎಲ್ಲರದ್ದೂ ಓದಿದೆ. ಸಂಜೆ ಅಪ್ಪನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಅವತ್ತು ಆ ಬಿಳಿ ಶರ್ಟು ಯಾರ ಮರ್ಯಾದೆಗೆ ಹಾಕ್ಕೊಂಡೆ ಅಂತ. ಅವರ ಸ್ಥಾನಕ್ಕಾ, ನಿನ್ನ ಮರ್ಯಾದೆಗಾ?

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: "ಯಾವ ಮರ್ಯಾದೆನೋ? ಪಹಣಿ, ಆಧಾರು, ಬಸ್ಸಿನ ಕಾಸು ಎಲ್ಲಾ ಇಟ್ಕೊಬೇಕಿತ್ತು. ಒಳಜೇಬು ಇರೋದು ಅದೊಂದಕ್ಕೇ."

ಮತ್ತೆ ಇಸ್ತ್ರಿಗೆ ಅಷ್ಟು ಜಗಳ ಯಾಕೆ ಆಡಿದೆ ಅಂದೆ. ಫೋನ್ ಅವ್ವನಿಗೆ ಕೊಟ್ಟುಬಿಟ್ಟರು.

ಶ್ರೀರಂಗಪಟ್ಟಣದ ಅಕ್ಕ · 9.02

ಕೊಡದೆ ಇನ್ನೇನು ಮಾಡ್ತಾರೆ!

ಕೆರಗೋಡು ಹೈದ · 9.05

ಕಾಲುವೆ ಮಣ್ಣು ಇನ್ನೂ ಹಾಗೇ ಇದೆಯಾ? ಭಾನುವಾರ ನಾಲ್ಕು ಜನ ಗುದ್ದಲಿ ಹಿಡಿದು ಬರ್ತೀವಿ. ಚಡ್ಡಿಯಲ್ಲಿ ಬರಬಹುದು ತಾನೆ?

ಮಳವಳ್ಳಿ ಹುಡುಗ · 9.11

ಬನ್ನಿ ಅಣ್ಣ. ಯಾರು ತುಂಬಿದ್ದು ಅಂತ ಗೊತ್ತಾಗದೆ ಮುಟ್ಟಬೇಡಿ ಅಂತಿದ್ದಾರೆ ಅಪ್ಪ, ಜಗಳ ಆಗುತ್ತೆ ಅಂತ. ಮುಂದಿನ ಸಭೆ ಇದೇ ಹದಿನಾಲ್ಕಕ್ಕೆ. ಇನ್ನೊಂದು ಸಲ ಹೋಗಿ ನೋಡ್ತೀವಿ. ಇಸ್ತ್ರಿ ಅಂಗಡಿ ಅಣ್ಣ, ಶರ್ಟು ಒಗೆಸಲು ಅಂತ ನನ್ನ ರೂಮಿಗೆ ತಂದಿದ್ದೇನೆ. ನಾಳೆ ಬೆಳಿಗ್ಗೆ ಎಷ್ಟಕ್ಕೆ ಬಾಗಿಲು ತೆಗೀತೀರಿ?

ಇಸ್ತ್ರಿ ಅಂಗಡಿ ಸರಸ್ವತಿಪುರಂ · 9.30

ಏಳಕ್ಕೆ. ಒಳಜೇಬಿನಲ್ಲಿ ಏನಾದರೂ ಉಳಿದಿದೆಯಾ ನೋಡಿ ತನ್ನಿ ತಮ್ಮ.